ತೆಗೆಯಬಹುದು, ಹಾಕುವಂತಿಲ್ಲ

ನನ್ನ ಅಕ್ಕನ ಅಡುಗೆಮನೆಯಲ್ಲಿ ಒಂದು ಕಾನೂನಿದೆ. ಯಾವ ಡಬ್ಬದಿಂದ ಬೇಕಾದರೂ ಯಾರು ಬೇಕಾದರೂ ತೆಗೆದುಕೊಳ್ಳಬಹುದು, ಆದರೆ ಡಬ್ಬಕ್ಕೆ ಹಾಕುವವಳು ಅಕ್ಕ ಒಬ್ಬಳೇ. ಸಕ್ಕರೆ, ಉಪ್ಪು, ಹಿಟ್ಟು, ಬೇಳೆ, ಒಂದೊಂದರ ಮೇಲೂ ಅವಳ ದುಂಡು ಅಕ್ಷರದ ಚೀಟಿ. ನಾನು ಗಂಡನ ಮನೆ ಬಿಟ್ಟು ಬಂದು ಅವಳ ಮನೆಯ ಹಿಂದಿನ ಕೋಣೆ ಸೇರಿದ ಹೊಸದರಲ್ಲಿ ಒಂದು ಪೊಟ್ಟಣ ಸಕ್ಕರೆ ತಂದು ಡಬ್ಬಕ್ಕೆ ಸುರಿದಿದ್ದೆ. ಅಕ್ಕ ನೋಡಿದಳು, ಡಬ್ಬವನ್ನು ಪೇಪರಿನ ಮೇಲೆ ಬಗ್ಗಿಸಿ ಅಷ್ಟೂ ಹೊರಗೆ ತೆಗೆದಳು.

"ನಿನಗ್ಯಾಕೆ ಪುಟ್ಟಿ ಇದೆಲ್ಲ? ಬೇಕಾದ್ದು ತಗೋ, ಯಾರು ಬೇಡ ಅಂದ್ರು. ಹಾಕೋಕೆ ಮಾತ್ರ ಹೋಗ್ಬೇಡ."

ಪ್ರೀತಿಯಿಂದಲೇ ಹೇಳಿದಳು. ಅದೇ ನನಗೆ ಹೆಚ್ಚು ಉರಿದದ್ದು. ಸಿಟ್ಟಿನಲ್ಲಿ ಹೇಳಿದ್ದರೆ ಜಗಳವಾಡಬಹುದಿತ್ತು. ತಲೆಯಲ್ಲಿ ಬಿಳಿ ಕೂದಲು ಇಣುಕುತ್ತಿರುವ ಹೆಂಗಸನ್ನು ಪುಟ್ಟಿ ಎಂದು ಕರೆದು, ತಿನ್ನು ಆದರೆ ತರಬೇಡ ಎಂದು ತಲೆ ಸವರುವವರ ಜೊತೆ ಯಾವ ಬಾಯಲ್ಲಿ ಜಗಳವಾಡುವುದು?

ಅವತ್ತೇ ನಾನು ಬೇರೆ ಕೋಣೆ ಹುಡುಕಲು ಶುರುಮಾಡಿದೆ. ಎರಡು ಬೀದಿ ಆಚೆ, ಮಹಡಿಯ ಮೇಲೆ ಒಂದು ಸಿಕ್ಕಿತು. ಒಂದು ಕಿಟಕಿ, ಅದರ ಎದುರಿಗೆ ಪಕ್ಕದ ಮನೆಯ ನೀರಿನ ಟ್ಯಾಂಕ್, ಗೋಡೆಗೆ ಅಂಟಿಕೊಂಡ ಕಲ್ಲಿನ ಕಟ್ಟೆ, ಕಟ್ಟೆಯ ಮೇಲೆ ಗೋಡೆಯಲ್ಲಿ ಡಬ್ಬ ಇಡುವ ಖಾಲಿ ಗೂಡು. ಆ ಖಾಲಿ ಗೂಡನ್ನು ನೋಡಿ ನನಗೆ ಆದಷ್ಟು ಆಸೆ ಮದುವೆಯ ಸೀರೆ ನೋಡಿದಾಗಲೂ ಆಗಿರಲಿಲ್ಲ. ಕೆಳಗಿನ ಮನೆಯ ಅಜ್ಜಿ ಓನರ್. ನೇರ ಮಾತಿನವಳು.

"ಗಂಡ ಇಲ್ದಿದ್ರೆ ಪರವಾಗಿಲ್ಲಮ್ಮ, ಗಂಡ ಇದ್ದೋರೆಲ್ಲ ಬಾಡಿಗೆ ಕೊಟ್ಟುಬಿಡ್ತಾರಾ? ಕೆಲಸ ಮಾತ್ರ ಖಾಯಂ ಇರಬೇಕು. ಖಾಯಂ ಆಗಿದೆ ಅಂತ ಆಫೀಸಿನ ಪತ್ರ ತಂದು ತೋರಿಸು, ಬೀಗದ ಕೈ ತಗೋ. ತಿಂಗಳ ಕೊನೆವರೆಗೂ ಯಾರಿಗೂ ಕೊಡಲ್ಲ."

ನನ್ನ ಕೆಲಸ ಆ ತಿಂಗಳ ಕೊನೆಗೇ ಖಾಯಂ ಆಗಬೇಕಿತ್ತು, ಆಗದಿದ್ದರೆ ಹೋಗಬೇಕಿತ್ತು. ಪರೀಕ್ಷಾರ್ಥ ನೇಮಕ ಎಂದರೆ ಅಷ್ಟೇ. ಕೆಲಸ ಕೊಡಿಸಿದವರು ಭಾವ, ಅಕ್ಕನ ಗಂಡ. ರೋಗ ಪರೀಕ್ಷೆಯ ಲ್ಯಾಬುಗಳಿಗೆ ಸಾಫ್ಟ್‌ವೇರ್ ಬರೆದುಕೊಡುವ ಸಣ್ಣ ಕಂಪನಿ ಅದು. ಮಾಲೀಕನ ಸಣ್ಣ ಕೋಣೆ ಬಿಟ್ಟರೆ ಒಂದೇ ದೊಡ್ಡ ಕೋಣೆ, ಬೆನ್ನಿಗೆ ಬೆನ್ನು ತಾಗುವಂತೆ ಕುರ್ಚಿಗಳು, ಮೂಲೆಯಲ್ಲಿ ತೊಟ್ಟಿಕ್ಕುವ ಎ.ಸಿ., ಅದರ ಕೆಳಗೆ ಒಂದು ಪ್ಲಾಸ್ಟಿಕ್ ಬಕೆಟ್. ಭಾವ ಅಲ್ಲಿನ ಹಿರಿಯ ತಲೆ. ಹಳೆಯ ಸಾಫ್ಟ್‌ವೇರ್ ಪೂರ್ತಿ ಅವರ ಕೈಯಿಂದಲೇ ಬಂದದ್ದು. ಮನೆಯಲ್ಲಿ ಭಾವ, ಬಾಗಿಲು ದಾಟಿದರೆ ಸರ್. ನಾಲಿಗೆ ಜಾರದಂತೆ ನಾನು ದಾರಿಯಲ್ಲೇ ಅಭ್ಯಾಸ ಮಾಡಿಕೊಳ್ಳುತ್ತಿದ್ದೆ.

ಕಂಪನಿಯ ಮಾಲೀಕನಿಗೆ ನಾವಿಟ್ಟ ಹೆಸರು ಹಳದಿ. ಅದಕ್ಕೆ ಕಾರಣವಿದೆ. ನಾವು ಬರೆದದ್ದನ್ನು ಓದಿ ತಪ್ಪು ಹಿಡಿಯುವ ಕಂಪೈಲರ್ ಎಂಬ ಪ್ರೋಗ್ರಾಂ ಇರುತ್ತದೆ. ದೊಡ್ಡ ತಪ್ಪಿಗೆ ಅದು ಕೆಂಪು ಗೆರೆ ಎಳೆಯುತ್ತದೆ, ಮುಂದಕ್ಕೆ ಬಿಡುವುದಿಲ್ಲ. ಅನುಮಾನ ಬಂದರೆ ಹಳದಿ ಗೆರೆ ಎಳೆದು, 'ಬಿಡುತ್ತೇನೆ, ಆದರೆ ಇದು ನನಗೆ ಸರಿ ಕಾಣುತ್ತಿಲ್ಲ' ಎನ್ನುತ್ತದೆ. ನಮ್ಮ ಮಾಲೀಕನಿಗೆ ಪ್ರೋಗ್ರಾಂ ಓದಲು ಬಾರದು, ಬಣ್ಣ ಮಾತ್ರ ಗೊತ್ತು. ಸಂಜೆಯಾಗುತ್ತಲೇ ಕೈ ಹಿಂದೆ ಕಟ್ಟಿಕೊಂಡು ಕುರ್ಚಿಗಳ ನಡುವೆ ಸುತ್ತುತ್ತಿದ್ದ. ಯಾರ ಪರದೆಯಲ್ಲಾದರೂ ಹಳದಿ ಕಂಡರೆ, "ಏನ್ರೀ ಇದು, ಕಾಮಾಲೆನಾ?" ಎಂದು ಎಲ್ಲರಿಗೂ ಕೇಳುವಂತೆ ಅನ್ನುತ್ತಿದ್ದ. ಹಳದಿಯನ್ನು ಹೋಗಲಾಡಿಸಲು ಎರಡು ದಾರಿ. ಅನುಮಾನಕ್ಕೆ ಕಾರಣವೇನೆಂದು ಹುಡುಕಿ ಸರಿಮಾಡುವುದು ಒಂದು. 'ಈ ವಿಷಯದಲ್ಲಿ ಬಾಯಿ ಮುಚ್ಚು' ಎಂದು ಕಂಪೈಲರಿಗೆ ಒಂದು ಸಾಲು ಬರೆಯುವುದು ಇನ್ನೊಂದು. ಎರಡನೆಯದಕ್ಕೆ ಅರೆ ನಿಮಿಷ ಸಾಕು. ಆ ಆಫೀಸಿನಲ್ಲಿ ಎಲ್ಲರೂ ಯಾವ ದಾರಿ ಹಿಡಿದಿದ್ದರು ಎಂದು ಬಿಡಿಸಿ ಹೇಳಬೇಕಿಲ್ಲ.

ನನಗೆ ಕೊಟ್ಟ ಕೆಲಸ ರಕ್ತದ ವಿಭಾಗವನ್ನು ಹೊಸದಾಗಿ ಬರೆಯುವುದು. ಮದುವೆಗೆ ಮುಂಚೆ ನಾನು ಇದೇ ವೃತ್ತಿಯಲ್ಲಿದ್ದಾಗ ಲಿಸ್ಟ್ ಎಂದರೆ ಗೋಣಿಚೀಲ. ಏನು ಬೇಕಾದರೂ ತುಂಬು, ತೆಗೆಯುವಾಗ ಕೈಗೆ ಸಿಕ್ಕಿದ್ದು ನಿನ್ನ ಹಣೆಬರಹ. ನಾನು ಮನೆಯಲ್ಲಿ ಕೂತ ವರ್ಷಗಳಲ್ಲಿ ಲೋಕ ಬದಲಾಗಿತ್ತು. ಈಗ ಲಿಸ್ಟಿನ ಪಕ್ಕ ಚೂಪು ಕಂಸ ಹಾಕಿ, ಒಳಗಿರುವುದು ಇಂಥದ್ದು ಎಂದು ಬರೆಯಬೇಕು. ಇದಕ್ಕೆ ಜೆನೆರಿಕ್ ಎನ್ನುತ್ತಾರೆ. ಡಬ್ಬ ಮಾಡುವವನು ಒಂದೇ ಸಲ ಮಾಡುತ್ತಾನೆ. ಬಳಸುವವರು ರಕ್ತ ಎಂದೋ ಮೂತ್ರ ಎಂದೋ ಚೀಟಿ ಅಂಟಿಸಿಕೊಳ್ಳುತ್ತಾರೆ. ರಕ್ತದ ಚೀಟಿಯ ಡಬ್ಬಕ್ಕೆ ಬೇರೇನಾದರೂ ಹಾಕಲು ಹೋದರೆ ಕಂಪೈಲರ್ ಕೈ ಹಿಡಿದು ನಿಲ್ಲಿಸುತ್ತದೆ. ನನಗೆ ಇದು ಬಹಳ ಹಿಡಿಸಿತು. ನನ್ನ ಲಿಸ್ಟಿಗೆ ಅಚ್ಚುಕಟ್ಟಾಗಿ ರಕ್ತದ ಸ್ಯಾಂಪಲ್ ಎಂದು ಚೀಟಿ ಬರೆದೆ.

ಆಮೇಲೆ ಸಿಕ್ಕಿಹಾಕಿಕೊಂಡೆ. ಟ್ಯೂಬುಗಳಿಗೆ ಲೇಬಲ್ ಅಂಟಿಸುವ ಭಾಗವನ್ನು ಭಾವ ಹಿಂದೆಯೇ ಬರೆದಿಟ್ಟಿದ್ದರು. ಅದಕ್ಕೆ 'ಸ್ಯಾಂಪಲ್‌ಗಳ ಲಿಸ್ಟ್' ಬೇಕು. ನಾನು 'ರಕ್ತದ ಸ್ಯಾಂಪಲ್‌ಗಳ ಲಿಸ್ಟ್' ಕೊಟ್ಟರೆ ಕಂಪೈಲರ್ ಕೆಂಪಾಯಿತು. ರಕ್ತವೂ ಒಂದು ಸ್ಯಾಂಪಲ್ಲೇ ತಾನೇ? ಹಾಗಾದರೆ ರಕ್ತದ ಲಿಸ್ಟ್ ಸ್ಯಾಂಪಲ್ ಲಿಸ್ಟ್ ಯಾಕಾಗದು? ಇಡೀ ದಿನ ಪರದೆಯನ್ನು ಮನಸ್ಸಿನಲ್ಲೇ ಬೈದೆ. ಪುಸ್ತಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ಎಂದಿತ್ತು, ವೈಲ್ಡ್‌ಕಾರ್ಡ್ ಅಂತೆ. ಎಲ್ಲಿ ಹಾಕಬೇಕು, ಯಾಕೆ ಹಾಕಬೇಕು, ಒಂದೂ ತಲೆಗೆ ಹೋಗಲಿಲ್ಲ.

ತಲೆಗೆ ಹೋದದ್ದು ಸಂಜೆ, ಅಕ್ಕನ ಡಬ್ಬಗಳ ಮುಂದೆ ನಿಂತು ಟೀಗೆ ಸಕ್ಕರೆ ತೆಗೆಯುತ್ತಿದ್ದಾಗ. ಸಕ್ಕರೆ ಒಂದು ದಿನಸಿ, ಒಪ್ಪಿದೆ. ಆದರೆ ಸಕ್ಕರೆ ಡಬ್ಬವನ್ನು 'ದಿನಸಿ ಡಬ್ಬ' ಎಂದು ಕರೆದ ಮರುಗಳಿಗೆ ಅದಕ್ಕೆ ಉಪ್ಪು ಸುರಿಯುವ ಹಕ್ಕು ಎಲ್ಲರಿಗೂ ಬಂದುಬಿಡುತ್ತದೆ. ಉಪ್ಪೂ ದಿನಸಿಯೇ ತಾನೇ. ಅದಕ್ಕೇ ಆಗದು. ಪ್ರಶ್ನಾರ್ಥಕ ಚಿಹ್ನೆಯ ಅರ್ಥವೂ ಅಲ್ಲೇ ಇತ್ತು: 'ಇದು ಯಾವುದೋ ಒಂದು ದಿನಸಿಯ ಡಬ್ಬ, ಯಾವುದೆಂದು ನನಗೆ ತಿಳಿಯದು, ಆದ್ದರಿಂದ ತೆಗೆದು ನೋಡುತ್ತೇನೆ, ಏನನ್ನೂ ಹಾಕುವುದಿಲ್ಲ.' ಅದರ ತಿರುಗುಮುರುಗು ಇನ್ನೊಂದು ಬಗೆಯಿದೆ. ಅದಕ್ಕೆ ನಿನ್ನಲ್ಲಿರುವುದನ್ನು ಧಾರಾಳವಾಗಿ ಹಾಕಬಹುದು, ತೆಗೆಯಲು ಹೋದರೆ ಏನು ಸಿಗುತ್ತದೋ ಯಾರೂ ಭರವಸೆ ಕೊಡುವುದಿಲ್ಲ. ನನಗೆ ನಗು ಬಂತು. ಗಂಡನ ಮನೆ ಎರಡನೆಯ ಬಗೆಯದು, ಅಕ್ಕನ ಮನೆ ಮೊದಲನೆಯದು. ಇಷ್ಟು ವರ್ಷ ಎರಡರಲ್ಲೂ ಬಾಳಿ ನನಗೆ ತಿಳಿಯದೆ ಹೋದದ್ದನ್ನು ಯಾರೋ ಚಿಹ್ನೆ ಹಾಕಿ ಬರೆದಿಟ್ಟಿದ್ದರು.

ಮರುದಿನ ಭಾವನಿಗೆ ಹೇಳಿದೆ. "ಸರ್, ನಿಮ್ಮ ಭಾಗ ಬರೀ ಓದಿ ಲೇಬಲ್ ಅಂಟಿಸೋದಾದ್ರೆ, ಅಲ್ಲೊಂದು ಪ್ರಶ್ನಾರ್ಥಕ ಹಾಕಿದ್ರೆ ಸಾಕು."

"ಅದನ್ನ ನಾನು ನೋಡ್ಕೋತೀನಿ. ನೀನು ಮುಂದಿನದು ಮಾಡು," ಎಂದರು.

ಅವರು ಹೇಳದೆ ಬಿಟ್ಟದ್ದು ಒಂದಿತ್ತು. ಅವರ ಭಾಗ ಬರೀ ಓದುತ್ತಿರಲಿಲ್ಲ. ಲ್ಯಾಬಿನಲ್ಲಿ ಬೆಳಿಗ್ಗೆ ಮೊದಲು ಮಷಿನ್ನಿಗೆ ಒಂದು ಟ್ಯೂಬ್ ಇಡುತ್ತಾರೆ. ಅದು ಯಾವ ರೋಗಿಯದೂ ಅಲ್ಲ. ಅದರಲ್ಲಿ ಏನೆಷ್ಟಿದೆ ಎಂದು ಮೊದಲೇ ಗೊತ್ತಿರುತ್ತದೆ. ಅದಕ್ಕೆ ಕಂಟ್ರೋಲ್ ಎನ್ನುತ್ತಾರೆ. ಮಷಿನ್ ಅದನ್ನು ಸರಿಯಾಗಿ ಓದಿದರೆ ಉಳಿದವರ ರಕ್ತವನ್ನೂ ಸರಿಯಾಗಿ ಓದುತ್ತದೆ ಎಂದು ಲೆಕ್ಕ. ಭಾವನ ಭಾಗ ಲೇಬಲ್ ಅಂಟಿಸಿ ಮುಗಿಸಿದ ಮೇಲೆ ಆ ಕಂಟ್ರೋಲನ್ನೂ ಅದೇ ಲಿಸ್ಟಿಗೆ ಸೇರಿಸುತ್ತಿತ್ತು. ಪ್ರಶ್ನಾರ್ಥಕ ಹಾಕಿದರೆ ಸೇರಿಸಲು ಕಂಪೈಲರ್ ಬಿಡದು. ಎರಡನ್ನೂ ಬೇರ್ಪಡಿಸಿ ಬರೆಯಲು ಒಂದು ದಿನ ಬೇಕು. ಭಾವ ಏನು ಮಾಡಿದರು? ನನ್ನ ಡಬ್ಬದ ಚೀಟಿ ಕಿತ್ತರು; ಯಾವುದೋ ಡಬ್ಬ ಎಂದರು; ಯಾವುದೋ ಡಬ್ಬಕ್ಕೆ ಸ್ಯಾಂಪಲ್ ಎಂಬ ತಮ್ಮ ಚೀಟಿ ಅಂಟಿಸಿದರು. ಕಂಪೈಲರ್ ಹಳದಿ ಗೆರೆ ಎಳೆಯಿತು. ಮಾಲೀಕ ಸುತ್ತು ಹಾಕಲು ಹೊರಡುವ ಹೊತ್ತು. ಭಾವ ಅದರ ಬಾಯಿ ಮುಚ್ಚಿಸಿದರು.

ಹೊಸ ಪ್ರೋಗ್ರಾಂ ಲ್ಯಾಬಿಗೆ ಹೋದ ಮೊದಲ ಬೆಳಿಗ್ಗೆಯೇ ಫೋನ್ ಬಂತು. ಮಾಲೀಕ ಸ್ಪೀಕರ್ ಹಾಕಿದ. ಲ್ಯಾಬಿನ ಮುಖ್ಯಸ್ಥೆಯ ದನಿ ಇಡೀ ಕೋಣೆಗೆ ಕೇಳಿಸಿತು.

"ನಿಮ್ಮ ಪ್ರೋಗ್ರಾಂ ನಿಂತಿದೆ. ಖಾಲಿ ಹೊಟ್ಟೆಲಿ ರಕ್ತ ಕೊಟ್ಟೋರು ಹೊರಗೆ ಬೆಂಚಿನ ತುಂಬ ಕೂತಿದಾರೆ. ನಾನು ಅವರಿಗೆ ಏನಂತ ಹೇಳ್ಲಿ?"

ತಪ್ಪಿನ ಸಂದೇಶ ಪರದೆಗೆ ಬಂತು. ಇಂಥ ಸಂದೇಶ, ಪ್ರೋಗ್ರಾಂ ಎಲ್ಲಿ ಬಿತ್ತು ಎಂದು ಸಾಲನ್ನು ತೋರಿಸುತ್ತದೆ. ಆ ಸಾಲು ನನ್ನದು.

"ಯಾರ್ರೀ ಬರೆದಿದ್ದು ಇದನ್ನ?" ಎಂದ ಮಾಲೀಕ.

"ನಾನು ಸರ್," ಎಂದೆ. ಎಲ್ಲರೂ ತಿರುಗಿ ನೋಡಿದರು. ಭಾವ ತಮ್ಮ ಪರದೆ ನೋಡುತ್ತಿದ್ದರು.

ಲ್ಯಾಬಿಗೆ ಆ ಹೊತ್ತಿಗೆ ಹಳೆಯ ಪ್ರೋಗ್ರಾಮನ್ನೇ ಹಾಕಿಕೊಟ್ಟರು. ನಾನು ಕೂತು ನೋಡಿದೆ. ಕಂಟ್ರೋಲನ್ನು ರಕ್ತ ಎಂದು ತೆಗೆಯಲಾಗದು ಎಂದಿತ್ತು ಸಂದೇಶ. ನನ್ನ ಡಬ್ಬದಲ್ಲಿ ರಕ್ತವಲ್ಲದೆ ಇನ್ನೇನೂ ಇರಲು ಸಾಧ್ಯವೇ ಇಲ್ಲ, ಕಂಪೈಲರ್ ಬಾಯಿ ಯಾರೂ ಕಟ್ಟದಿದ್ದರೆ. ಈ ವ್ಯವಸ್ಥೆಯ ದೊಡ್ಡ ಹುಳುಕು ಅದು: ಚೀಟಿಗಳು ಕಂಪೈಲರ್ ಓದುವವರೆಗೆ ಮಾತ್ರ. ಪ್ರೋಗ್ರಾಂ ಓಡಲು ಶುರುವಾದ ಮೇಲೆ ಎಲ್ಲ ಡಬ್ಬವೂ ಬೋಳು. ಉಪ್ಪು ಸುರಿಯುವಾಗ ಯಾರೂ ಕೇಳುವುದಿಲ್ಲ, ಸುರಿದವನು ಕೈ ಒರೆಸಿಕೊಂಡು ಹೋಗಿರುತ್ತಾನೆ. ಗಲಾಟೆಯಾಗುವುದು ತೆಗೆದವಳ ಕೈಯಲ್ಲಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವುದನ್ನು ಯಂತ್ರಗಳೂ ಕಲಿತಿವೆ.

ನೀರಿನ ಫಿಲ್ಟರ್ ಹತ್ತಿರ ಭಾವ ಒಬ್ಬರೇ ಸಿಕ್ಕರು.

"ಸರ್, ಕಂಟ್ರೋಲ್ ನನ್ನ ಲಿಸ್ಟಿಗೆ ಬಂದಿದ್ದು..."

"ಗೊತ್ತು. ನಾನೇ ಹಾಕಿದ್ದು," ಎಂದರು. ಲೋಟ ತುಂಬುವವರೆಗೆ ನಲ್ಲಿ ಒತ್ತಿ ಹಿಡಿದೇ ಇದ್ದರು. "ನೋಡು, ನೀನು ಹೊಸಬಳು. ಹೊಸಬರು ತಪ್ಪು ಮಾಡಿದ್ರೆ ಕಲೀತಾರೆ ಬಿಡು ಅಂತಾರೆ. ನಾನು ಮಾಡಿದ್ರೆ ಇಷ್ಟು ವರ್ಷ ಏನು ಮಾಡ್ದೆ ಅಂತಾರೆ. ನಾಳೆ ಕರೀತಾನೆ. ಗೊತ್ತಾಗಲಿಲ್ಲ ಸರ್ ಅಂದುಬಿಡು, ಮುಗೀತು."

"ಗೊತ್ತಾಗಲಿಲ್ಲ ಅಂದೋಳನ್ನ ಖಾಯಂ ಮಾಡ್ತಾರಾ ಭಾವ?"

ಆಫೀಸಿನಲ್ಲಿ ನನ್ನ ನಾಲಿಗೆ ಜಾರಿದ್ದು ಅದೊಂದೇ ಸಲ. ಅವರು ನೀರು ಕುಡಿದು ಲೋಟ ಮಗುಚಿಟ್ಟು ಹೋದರು.

ಸಂಜೆ ಅಕ್ಕ ನನ್ನ ಕೋಣೆಗೆ ಬಂದು ಮಂಚದ ತುದಿಗೆ ಕೂತಳು. ಕೈಯಲ್ಲಿ ಒಗೆದ ಬಟ್ಟೆಯ ರಾಶಿ. ಭಾವನ ಅಂಗಿಗಳನ್ನು ಒಂದೊಂದಾಗಿ ಮಡಚುತ್ತ ಮಾತು ತೆಗೆದಳು.

"ಇವರು ಎಲ್ಲ ಹೇಳಿದ್ರು. ತಪ್ಪು ಇವರದೇ ಅಂತಾನೂ ಹೇಳಿದ್ರು. ನನ್ನ ಹತ್ರ ಏನೂ ಮುಚ್ಚಿಡಲ್ಲ ಅವರು."

"ಮತ್ತೆ?"

"ನಿನ್ನ ಕೆಲಸ ಹೋದ್ರೆ ನಿನಗೆ ನಾವಿದೀವಿ. ಇವರ ಕೆಲಸ ಹೋದ್ರೆ ನಮಗೆ ಯಾರಿದಾರೆ ಪುಟ್ಟಿ?"

ಅವಳ ಲೆಕ್ಕ ಸರಿಯಾಗೇ ಇತ್ತು. ನನಗೆ ಕೋಣೆ ಬೇಕು, ಬೀಗದ ಕೈ ಬೇಕು, ಒಂದು ಖಾಲಿ ಗೂಡಿಗೆ ನನ್ನದೇ ಡಬ್ಬ ಇಡಬೇಕು ಎನ್ನುವುದು ಅವಳ ಲೆಕ್ಕದಲ್ಲಿ ಎಲ್ಲೂ ಬರುತ್ತಿರಲಿಲ್ಲ. ಹೇಳಿದರೆ ನೊಂದುಕೊಳ್ಳುತ್ತಿದ್ದಳು, ಇಲ್ಲಿ ನಿನಗೇನು ಕಡಿಮೆಯಾಗಿದೆ ಎಂದು.

"ಉಂಡ ಮನೆ ಜಂತೆ ಎಣಿಸೋ ಬುದ್ಧಿ ನಿನ್ನದಲ್ಲ, ನನಗೆ ಗೊತ್ತು," ಎಂದು ಎದ್ದಳು. ಅಂಗಿಗಳನ್ನು ಎದೆಗೆ ಒತ್ತಿಕೊಂಡು ಹೋದಳು. ನನಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು.

ಮರುದಿನ ಮಾಲೀಕನ ಕೋಣೆಯಲ್ಲಿ ನಾನು ಎಣಿಸಿಯೇ ಬಿಟ್ಟೆ. ಮೇಜಿನ ಮೇಲೆ ಅವನ ಟೀ ಇತ್ತು, ಅದನ್ನೇ ಹಿಡಿದುಕೊಂಡೆ.

"ಸರ್, ಈ ಟೀ ಉಪ್ಪುಪ್ಪಾಗಿದ್ರೆ ನೀವು ಟೀ ಮಾಡಿದೋರನ್ನ ಬೈತೀರಿ. ಅವರು ಸಕ್ಕರೆ ಅಂತ ಬರೆದ ಡಬ್ಬದಿಂದಾನೇ ತೆಗೆದು ಹಾಕಿದಾರೆ. ಆ ಡಬ್ಬಕ್ಕೆ ಉಪ್ಪು ಸುರಿದೋರು ಬೇರೆ. ನನ್ನ ಸಾಲು ಟೀ ಮಾಡಿದ ಸಾಲು. ಸುರಿದ ಸಾಲು ಇನ್ನೊಂದಿದೆ."

ಅವನಿಗೆ ಪೂರ್ತಿ ಅರ್ಥವಾಯಿತು. ಮೆಲ್ಲಗೆ ತಿರುಗಿ, ಪಕ್ಕದಲ್ಲಿ ಕೂತಿದ್ದ ಭಾವನನ್ನು ನೋಡಿದ. ನನಗೆ ಅಕ್ಕನ ಮುಖ ನೆನಪಾಯಿತು.

ಭಾವ ತಲೆಯಾಡಿಸಿದರು. "ಅವಳು ಹೇಳೋದು ಸರಿ ಸರ್. ಆದರೆ ಟೀ ಮಾಡೋರೂ ಒಂದು ಹರಳು ಬಾಯಿಗೆ ಹಾಕಿ ನೋಡ್ಬೋದಲ್ವಾ? ಡಬ್ಬದ ಮೇಲೆ ಬರೆದಿದೆ ಅಂತ ಕಣ್ಣು ಮುಚ್ಚಿ ತೆಗೆಯೋದಾ? ಒಂದೇ ಒಂದು ಸಾಲು ಸಾಕು. ರಕ್ತ ಅಲ್ದಿದ್ರೆ ಬಿಟ್ಟು ಮುಂದೆ ಹೋಗು. ಮತ್ತೆ ಯಾವತ್ತೂ ಬೀಳಲ್ಲ."

ಮಾಲೀಕನ ಮುಖ ಅರಳಿತು. "ನೋಡಿ ತೆಗೀರಿ. ಎಷ್ಟು ಸರಳವಾಗಿದೆ. ಇವತ್ತಿಂದ ಎಲ್ರೂ ನೋಡಿ ತೆಗೀರಿ."

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವನಿಗೆ ಇನ್ನು ಹೇಳುವುದೇನು. ಆದರೂ ಹೇಳಿದೆ. "ಸರ್, ಬಿಟ್ಟು ಮುಂದೆ ಹೋದ್ರೆ ಬಿಡೋದು ಕಂಟ್ರೋಲನ್ನ. ಅದನ್ನ ಓದದಿದ್ರೆ ಮಷಿನ್ ಸರಿ ಇದೆಯೋ ಇಲ್ವೋ ಯಾರಿಗೂ ತಿಳಿಯಲ್ಲ. ತಪ್ಪು ಕಾಣದಿದ್ರೆ ಪರದೆ ತಾನಾಗೇ ಹಸಿರು ತೋರಿಸುತ್ತೆ. ನಾಳೆ ಸಂಜೆವರೆಗೂ ಸಮಯ ಕೊಡಿ, ಎರಡನ್ನೂ ಬೇರೆ ಮಾಡಿ ಬರೆದುಕೊಡ್ತೀನಿ."

"ಇನ್ನೊಂದು ದಿನ ಹಳೆಯದರಲ್ಲೇ ನಡೆಸಿ ಅಂದ್ರೆ ಲ್ಯಾಬ್ ಕೇಳಲ್ಲ. ಮೊದಲು ಹೊಸದು ಓಡಲಿ. ನಿಮ್ಮದನ್ನ ಆಮೇಲೆ ನೋಡೋಣ."

ನಾನು ಆ ಸಾಲು ಬರೆಯಲಿಲ್ಲ. ಕೂತು ಸರಿಯಾದದ್ದನ್ನೇ ಬರೆಯತೊಡಗಿದೆ. ಲೇಬಲ್ ಅಂಟಿಸುವ ಭಾಗ ಪ್ರಶ್ನಾರ್ಥಕ ಹಾಕಿಕೊಂಡು ಬರೀ ಓದುವಂಥದ್ದು; ಕಂಟ್ರೋಲ್ ಹಾಕಲು ಬೇರೆ ಡಬ್ಬ. ಮಧ್ಯಾಹ್ನ ಊಟ ಮುಗಿಸಿ ಬಂದಾಗ ಭಾವ ನನ್ನ ಕುರ್ಚಿಯಿಂದ ಏಳುತ್ತಿದ್ದರು. ಕುರ್ಚಿ ಇನ್ನೂ ಬೆಚ್ಚಗಿತ್ತು.

"ಆ ಸಾಲು ಹಾಕಿದೀನಿ. ಓಡ್ತಿದೆ. ಲ್ಯಾಬಿಗೂ ಹೋಯ್ತು," ಎಂದರು.

ಯಾವ ಸಾಲನ್ನು ಯಾರು ಬರೆದರು ಎಂದು ಕಂಪ್ಯೂಟರ್ ಬರೆದಿಟ್ಟುಕೊಳ್ಳುತ್ತದೆ. ಅದಕ್ಕೆ ಮುಖ ಕಾಣುವುದಿಲ್ಲ, ಕುರ್ಚಿ ಯಾರದೋ ಹೆಸರು ಅವರದು. ಆ ಆಫೀಸಿನಲ್ಲಿ ಅವಸರವಾದರೆ ಒಬ್ಬರ ಕುರ್ಚಿಯಲ್ಲಿ ಇನ್ನೊಬ್ಬರು ಕೂತು ಬರೆಯುವುದು ದಿನದ ಮಾತು, ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ನಾನೂ ಅವತ್ತು ಅದನ್ನು ಮಾತಾಗಿ ಎತ್ತಲಿಲ್ಲ. ಎತ್ತಬೇಕಿತ್ತು.

ಮರುದಿನ ಬೆಳಿಗ್ಗೆ ಮಾಲೀಕ ಕರೆದು ಒಂದು ಲಕೋಟೆ ಕೊಟ್ಟ. ಖಾಯಂ ಪತ್ರ.

"ನಿಮ್ಮ ಭಾವ ಹೇಳಿದ್ರು, ನೀವೇ ಸರಿಮಾಡಿದ್ರಂತೆ. ಲ್ಯಾಬಲ್ಲಿ ಬೆಳಿಗ್ಗೆಯಿಂದ ಎಲ್ಲ ಹಸಿರು. ಹಟಮಾರಿ ಅನ್ಕೊಂಡಿದ್ದೆ, ಪರವಾಗಿಲ್ಲ."

ಭಾವ ರಾಕ್ಷಸನಲ್ಲ, ಅದೇ ಕಷ್ಟ. ರಾತ್ರಿ ಅಕ್ಕ ಹೇಳಿರಬೇಕು, ಇವರು ನಾದಿನಿಗೆ ಒಳ್ಳೆಯದು ಮಾಡಿದ್ದಾರೆ. ನಾನು ಲಕೋಟೆ ಹಿಡಿದೇ ಕೇಳಿದೆ, "ಸರ್, ಕಂಟ್ರೋಲ್ ಓದ್ತಿಲ್ಲ ಅಂತ ಲ್ಯಾಬಿಗೆ ಹೇಳಿದ್ರಾ?"

"ಓಡ್ತಿರೋದನ್ನ ನಿಲ್ಸೋಕೆ ಯಾರಾದ್ರೂ ಹೇಳ್ತಾರಾ? ನಿಮ್ಮ ಹೊಸದು ಮುಂದಿನ ಸಲಕ್ಕೆ ಕಳಿಸೋಣ. ಹೋಗಿ, ಸಿಹಿ ಹಂಚಿ."

ಮಧ್ಯಾಹ್ನ ನಾನು ಅಜ್ಜಿಯ ಮನೆಗೆ ಹೋದೆ. ಅವಳು ಪತ್ರವನ್ನು ಬೆಳಕಿಗೆ ಹಿಡಿದು ಮೊಹರು ನೋಡಿ, ಸೆರಗಿನ ಗಂಟಿನಿಂದ ಬೀಗದ ಕೈ ಬಿಚ್ಚಿ ಕೊಟ್ಟಳು. ಮೆಟ್ಟಿಲು ಹತ್ತಿ ಬಾಗಿಲು ತೆಗೆದೆ. ಖಾಲಿ ಗೂಡಿನಲ್ಲಿ ಬೆರಳಾಡಿಸಿ ಧೂಳು ಒರೆಸಿದೆ. ಸಕ್ಕರೆ ಡಬ್ಬ ಎಲ್ಲಿ, ಉಪ್ಪಿನ ಡಬ್ಬ ಎಲ್ಲಿ ಎಂದು ಮನಸ್ಸಿನಲ್ಲೇ ಜೋಡಿಸಿದೆ. ಇದೆಲ್ಲ ನನ್ನದು ಎಂದುಕೊಂಡರೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಫೋನಿನಲ್ಲಿ ಕೇಳಿದ ಆ ಬೆಂಚು ಕಣ್ಣ ಮುಂದೆ ಬಂತು. ಖಾಲಿ ಹೊಟ್ಟೆಯಲ್ಲಿ, ತೋಳಿಗೆ ಹತ್ತಿ ಒತ್ತಿಕೊಂಡು ಕೂತವರು. ಅವರ ಕಾಗದದ ಮೇಲೆ ಬರುವ ಅಂಕಿ ಸರಿಯೋ ತಪ್ಪೋ ಲೋಕದಲ್ಲಿ ಯಾರಿಗೂ ಗೊತ್ತಿಲ್ಲ, ಮತ್ತು ಗೊತ್ತಿಲ್ಲ ಎನ್ನುವುದು ಮೂವರಿಗೆ ಗೊತ್ತು. ಅವರಲ್ಲಿ ಒಬ್ಬಳು ಇಲ್ಲಿ ಗೂಡು ಒರೆಸುತ್ತಿದ್ದಾಳೆ.

ಅಲ್ಲಿಂದಲೇ ಲ್ಯಾಬಿಗೆ ಫೋನ್ ಮಾಡಿದೆ. ಬರಿಯ ಕೋಣೆಯಲ್ಲಿ ನನ್ನ ದನಿ ನನಗೇ ತಿರುಗಿ ಕೇಳುತ್ತಿತ್ತು.

"ಮೇಡಂ, ಪರದೆ ಮೇಲಿನ ಹಸಿರನ್ನ ನಂಬಬೇಡಿ. ನಿನ್ನೆ ಮಧ್ಯಾಹ್ನ ಸೇರಿಸಿದ ಒಂದು ಸಾಲಿನಿಂದ ಪ್ರೋಗ್ರಾಂ ಕಂಟ್ರೋಲನ್ನ ಓದ್ತಾನೇ ಇಲ್ಲ. ಕೈಯಿಂದ ಒಂದು ಸಲ ನೋಡಿಬಿಡಿ."

ಲ್ಯಾಬಿನ ಮುಖ್ಯಸ್ಥೆ ಯಾರನ್ನೋ ಕೂಗಿ ಮಷಿನ್ ನಿಲ್ಲಿಸಲು ಹೇಳಿದರು. "ಆ ಸಾಲು ಬರೆದೋರು ಯಾರು?"

"ನನ್ನ ಹೆಸರಲ್ಲಿದೆ."

"ಅಂದ್ರೆ ನೀವೇ."

ಭಾವನ ಹೆಸರು ತುಟಿಗೆ ಬಂದಿತ್ತು. ಅಕ್ಕ ಅಂಗಿ ಮಡಚುತ್ತ ಕೂತದ್ದು ಕಣ್ಣಿಗೆ ಕಟ್ಟಿತು. ನಾನು ಸುಮ್ಮನಾದೆ. ಸುಮ್ಮನಿದ್ದರೆ ಹೌದು ಎಂದೇ ಅರ್ಥ.

ಲ್ಯಾಬಿನವರು ಕೈಯಿಂದ ನೋಡಿದರು. ಮಷಿನ್ ಎಲ್ಲವನ್ನೂ ಇದ್ದದ್ದಕ್ಕಿಂತ ಕಡಿಮೆ ತೋರಿಸುತ್ತಿತ್ತು. ಕೊಟ್ಟ ರಿಪೋರ್ಟುಗಳನ್ನು ವಾಪಸ್ ಕರೆಸಿ, ಜನರನ್ನು ಮತ್ತೆ ಖಾಲಿ ಹೊಟ್ಟೆಯಲ್ಲಿ ಬರಹೇಳಿದರು. ಆಮೇಲೆ ಮಾಲೀಕನಿಗೆ ಒಂದೇ ಮಾತು ಹೇಳಿದರಂತೆ: ಆ ಸಾಲು ಬರೆದವರು ನಿಮ್ಮಲ್ಲಿದ್ದರೆ ನಾವು ನಿಮ್ಮಲ್ಲಿರುವುದಿಲ್ಲ.

ಅವನು ಕರೆದಾಗ ಭಾವನೂ ಅಲ್ಲಿದ್ದರು.

"ನಾನೇನೂ ಹೇಳೋದಿಲ್ಲ," ಎಂದ ಮಾಲೀಕ. "ನೀವೇ ಫೋನ್ ಮಾಡಿ ಒಪ್ಕೊಂಡಿದೀರಿ. ಪತ್ರ ವಾಪಸ್ ಕೊಡಿ."

"ಸರ್, ಆ ಸಾಲು ನಾನು ಬರೆದಿದ್ದಲ್ಲ. ನಾನು ಬೇಡ ಅಂದಿದ್ದು ನಿಮಗೂ ಗೊತ್ತು, ನನ್ನ ಕುರ್ಚಿಲಿ ಕೂತು ಬರೆದೋರು ಯಾರು ಅಂತ ಇವರಿಗೂ ಗೊತ್ತು."

"ಮೊನ್ನೆ ಟೀ ಅಂದ್ರಿ, ಇವತ್ತು ಕುರ್ಚಿ ಅಂತೀರಿ. ಪ್ರತಿ ಸಲ ನಿಮ್ಮ ಸಾಲೇ ಯಾಕ್ರೀ ಬೀಳುತ್ತೆ?"

ನಾನು ಭಾವನನ್ನು ನೋಡಿದೆ. ಅವರು ಗಂಟಲು ಸರಿಮಾಡಿಕೊಂಡರು. "ಸರ್, ಅವಳು ಬೇಕು ಅಂತ ಮಾಡಿದ್ದಲ್ಲ. ಮನೆ ಕಷ್ಟ ತುಂಬ ಇದೆ ಅವಳಿಗೆ. ಅದೊಂದು ನೋಡಿ."

ನನ್ನ ಪರವಾಗಿ ಬೇಡಿಕೊಂಡರು. ಮಾಡಿದ್ದುಣ್ಣೋ ಮಹಾರಾಯ ಎಂಬ ಗಾದೆ ಕಟ್ಟಿದವನು ಸಿಕ್ಕಿದ್ದರೆ ಈ ಕೋಣೆಗೆ ಕರೆತಂದು ನಿಲ್ಲಿಸುತ್ತಿದ್ದೆ. ನಾನು ಬರೆದಿಟ್ಟಿದ್ದ ಸರಿಯಾದ ಭಾಗವನ್ನು ಆ ವಾರವೇ ಲ್ಯಾಬಿಗೆ ಕಳಿಸಿದರು. ಭಾವನ ಕುರ್ಚಿಯಿಂದ ಹೋದದ್ದರಿಂದ ಅದಕ್ಕೆ ಭಾವನ ಹೆಸರು. ಚೆನ್ನಾಗಿ ಓಡುತ್ತಿದೆಯಂತೆ.

ಬೀಗದ ಕೈ ಹಿಂದಿರುಗಿಸಿದಾಗ ಅಜ್ಜಿ ಬೈಯಲಿಲ್ಲ. "ಒಂದು ರಾತ್ರಿನೂ ಮಲಗಲಿಲ್ಲ ನೀನು. ಗುಡಿಸಿ ಹೋಗಿದೀಯ, ಅಷ್ಟೇ ಲಾಭ ನನಗೆ," ಎಂದು ಅದನ್ನು ಮತ್ತೆ ಸೆರಗಿಗೆ ಗಂಟು ಹಾಕಿದಳು. ಬೇರೆ 'ಕೋಣೆ ಖಾಲಿ ಇದೆ' ಬೋರ್ಡುಗಳ ಮುಂದೆ ಸ್ವಲ್ಪ ಅಡ್ಡಾಡಿದೆ. ಎಲ್ಲ ಬಾಗಿಲಲ್ಲೂ ಮೊದಲ ಪ್ರಶ್ನೆ ಒಂದೇ: ಕೆಲಸ ಎಲ್ಲಿ? ಹೋಗಲು ಇನ್ನೆಲ್ಲೂ ಜಾಗವಿರಲಿಲ್ಲ. ಕಾಲು ತಾನಾಗಿ ಅಕ್ಕನ ಬೀದಿಗೆ ತಿರುಗಿತು.

ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಅತ್ತಿದ್ದಳು, ಕಣ್ಣು ಊದಿತ್ತು.

"ಇವರ ಬಗ್ಗೆ ಆಫೀಸಲ್ಲಿ ಹಾಗೆಲ್ಲ ಹೇಳಿದ್ಯಂತೆ. ಎರಡು ಸಲ. ಹೋಗ್ಲಿ ಬಿಡು, ಒಳಗೆ ಬಾ. ನಿನ್ನನ್ನ ಹೊರಗೆ ಹಾಕೋಷ್ಟು ಕೆಟ್ಟವರಲ್ಲ ನಾವು."

ಊಟಕ್ಕೆ ಕೂತೆವು. ಭಾವ ಅನ್ನ ಕಲಸುತ್ತ, ತಟ್ಟೆಯಿಂದ ತಲೆಯೆತ್ತದೆ ಹೇಳಿದರು, "ಆಗಿದ್ದಾಯ್ತು. ನಾನು ಮನಸ್ಸಲ್ಲಿ ಏನೂ ಇಟ್ಕೊಂಡಿಲ್ಲ. ಕ್ಷಮಿಸಿದೀನಿ. ಇನ್ನೊಂದು ಕಡೆ ಗೊತ್ತಿರೋರು ಇದಾರೆ, ನಾಳೆ ಮಾತಾಡ್ತೀನಿ."

"ನೋಡಿದ್ಯಾ ಇವರ ಮನಸ್ಸನ್ನ," ಎಂದಳು ಅಕ್ಕ. ಅವಳ ಕಣ್ಣು ಮತ್ತೆ ತುಂಬಿತು.

ತಟ್ಟೆಯನ್ನು ಗೋಡೆಗೆ ಎಸೆಯಬೇಕು ಅನ್ನಿಸಿತು. ಎಸೆದು ಹೋಗುವುದೆಲ್ಲಿಗೆ? ನೀರು ಕುಡಿದೆ. "ಆಯ್ತು ಭಾವ," ಎಂದೆ. ಅಕ್ಕ ಕೇಳದೆಯೇ ಇನ್ನೊಂದು ಸೌಟು ಬಡಿಸಿದಳು, ಅದನ್ನೂ ತಿಂದೆ. ಎದ್ದು ನನ್ನ ತಟ್ಟೆ ಎತ್ತಿಕೊಳ್ಳುವಾಗ ಅವಳು ಹೇಳಿದಳು:

"ಅವರ ತಟ್ಟೆನೂ ತಗೊಂಡು ತೊಳೆದುಬಿಡು ಪುಟ್ಟಿ."

ತೊಳೆದೆ.